ಕಾಲುವೆ ದಾಟಿದ್ದು ಈಜುಗಾರ್ತಿ, ವಾಚಲ್ಲ: ರೋಲೆಕ್ಸ್‌ನ ಹಾನ್ಸ್ ವಿಲ್ಸ್‌ಡಾರ್ಫ್ ಬದುಕು ಮತ್ತು ನೀರಿನ ಒತ್ತಡದ ಲೆಕ್ಕ

ಒಂದು ಫಾರ್ವರ್ಡ್ ಆಗಾಗ ನಮ್ಮ ಫೋನಿಗೆ ಬಂದು ಬೀಳುತ್ತದೆ. ಹನ್ನೆರಡನೇ ವಯಸ್ಸಿಗೆ ತಂದೆತಾಯಿ ಇಲ್ಲದಂತಾದ ಹುಡುಗನೊಬ್ಬ ಮುಂದೆ ಪ್ರಪಂಚದ ಮೊದಲ ವಾಟರ್‌ಪ್ರೂಫ್ ವಾಚನ್ನು ಕಂಡುಹಿಡಿದನಂತೆ. 1927ರಲ್ಲಿ ಅದನ್ನು ಕಟ್ಟಿಕೊಂಡು ಒಬ್ಬ ಯುವತಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದಳಂತೆ. 1960ರಲ್ಲಿ ಅದೇ ವಾಚು ಸಮುದ್ರದ ಅತ್ಯಂತ ಆಳದ ತಳ ಮುಟ್ಟಿ ಬಂದಿತಂತೆ. ಕೆಲವು ಸಲ ಕೊನೆಗೊಂದು ಸಾಲು ಬಾಲಂಗೋಚಿಯಾಗಿ ಇರುತ್ತದೆ: ಆದ್ದರಿಂದ 30 ಮೀಟರ್ ಎಂದು ಬರೆದಿರುವ ವಾಚನ್ನು ಧೈರ್ಯವಾಗಿ ಕಟ್ಟಿಕೊಂಡು ಈಜಿ.

ಹುಡುಗ ಅನಾಥನಾಗಿದ್ದು ನಿಜ. ಉಳಿದದ್ದರಲ್ಲಿ ಅರ್ಧ ಸತ್ಯ, ಅರ್ಧ ಜಾಹೀರಾತು. ಕೊನೆಯ ಸಾಲಂತೂ ನಿಮ್ಮ ವಾಚನ್ನು ಕೆಡಿಸುವಂಥದ್ದು. ಆ ಮನುಷ್ಯನ ಬದುಕನ್ನೇ ಹಿಡಿದುಕೊಂಡು ಹೋದರೆ ಇದೆಲ್ಲ ಬಿಡಿಬಿಡಿಯಾಗಿ ಗೊತ್ತಾಗುತ್ತದೆ. ಹಾಗಾಗಿ ನಾವು ಅಲ್ಲಿಂದಲೇ ಶುರುಮಾಡುತ್ತೇವೆ.

ಹಾನ್ಸ್ ವಿಲ್ಸ್‌ಡಾರ್ಫ್ ಹುಟ್ಟಿದ್ದು 1881ರ ಮಾರ್ಚ್ 22ರಂದು, ಜರ್ಮನಿಯ ಬವೇರಿಯಾ ಪ್ರಾಂತ್ಯದ ಕುಲ್ಮ್‌ಬಾಖ್ ಎಂಬ ಊರಿನಲ್ಲಿ. ಮನೆಯವರದ್ದು ಕಬ್ಬಿಣದ ಸಾಮಾನಿನ ವ್ಯಾಪಾರ. ಮೊದಲು ತಾಯಿ, ಆಮೇಲೆ ತಂದೆ ತೀರಿಕೊಂಡರು. ತಾಯಿಯ ಕಡೆಯ ಸೋದರಮಾವಂದಿರು ಅಂಗಡಿಯನ್ನು ಮಾರಿ, ಬಂದ ಹಣದಲ್ಲಿ ಮಕ್ಕಳನ್ನು ಓದಿಸಿದರು. ಕೋಬರ್ಗ್ ಊರಿನ ಬೋರ್ಡಿಂಗ್ ಶಾಲೆಯಲ್ಲಿ ಹಾನ್ಸ್ ಗಣಿತದಲ್ಲಿ, ಭಾಷೆಗಳಲ್ಲಿ ಚುರುಕಾಗಿದ್ದ. ಅಪ್ಪನ ವ್ಯಾಪಾರ ಕೈಬಿಟ್ಟು ಹೋಯಿತೆಂದು ಆತ ಮುಂದೆ ದೂರಲಿಲ್ಲ. ಸ್ವಂತ ಕಾಲ ಮೇಲೆ ನಿಲ್ಲಲು ಅದೇ ಕಲಿಸಿತೆಂದು ಮಾವಂದಿರನ್ನು ನೆನೆದ.

ಶಾಲೆ ಮುಗಿದ ಮೇಲೆ ಜಿನೀವಾದಲ್ಲಿ ಮುತ್ತಿನ ವ್ಯಾಪಾರಿಯೊಬ್ಬರ ಬಳಿ ಕೆಲಸ. 1900ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಗಡಿಯಾರದ ಊರೆಂದೇ ಹೆಸರಾದ ಲಾ ಶೋ-ದ-ಫೋನಿನಲ್ಲಿ, ಗಡಿಯಾರ ರಫ್ತು ಮಾಡುವ ಕ್ಯೂನೋ ಕೋರ್ಟೆನ್ ಕಂಪನಿಯಲ್ಲಿ ಗುಮಾಸ್ತ. ಇಂಗ್ಲಿಷ್ ಬರುತ್ತಿದ್ದದ್ದರಿಂದ ಪತ್ರವ್ಯವಹಾರ ಅವನ ಪಾಲಿಗೆ. ಜೊತೆಗೆ ದಿನಾ ನೂರಾರು ಪಾಕೆಟ್ ವಾಚುಗಳಿಗೆ ಕೀ ಕೊಡುವುದು, ಯಾವುದು ಎಷ್ಟು ಸೆಕೆಂಡು ಮುಂದೆ, ಯಾವುದು ಹಿಂದೆ ಎಂದು ನೋಡಿಡುವುದು. ಬೇಸರದ ಕೆಲಸ ಅನ್ನಿಸಬಹುದು. ಆದರೆ ವಾಚು ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ ಎಂಬ ವಿದ್ಯೆ ಅಲ್ಲೇ ಬಂತೆಂದು ಕಾಣುತ್ತದೆ. ಇಲ್ಲೊಂದು ಮಾತು ಹೇಳಿಬಿಡಬೇಕು. ವಿಲ್ಸ್‌ಡಾರ್ಫ್ ವಾಚು ರಿಪೇರಿ ಮಾಡುವವನಾಗಿರಲಿಲ್ಲ, ಯಂತ್ರ ಕಟ್ಟುವ ಇಂಜಿನಿಯರನೂ ಅಲ್ಲ. ಆತ ವ್ಯಾಪಾರಿ. ಫಾರ್ವರ್ಡುಗಳು ತಪ್ಪುವುದು ಮೊದಲು ಇಲ್ಲೇ.

1903ರಲ್ಲಿ ಲಂಡನ್ನಿಗೆ ಹೋದ. 1905ರಲ್ಲಿ ಆಲ್ಫ್ರೆಡ್ ಡೇವಿಸ್ ಎಂಬುವರ ಜೊತೆಗೂಡಿ ವಿಲ್ಸ್‌ಡಾರ್ಫ್ ಅಂಡ್ ಡೇವಿಸ್ ಕಂಪನಿ ತೆರೆದ. ಸ್ವಿಟ್ಜರ್ಲೆಂಡಿನ ಬೀಲ್ ಊರಿನ ಏಗ್ಲರ್ ಕಾರ್ಖಾನೆಯಿಂದ ವಾಚಿನ ಒಳಗಿನ ಯಂತ್ರ ತರಿಸಿ, ಅದಕ್ಕೆ ಒಳ್ಳೆಯ ಕೇಸು ಹಾಕಿ ಮಾರುವುದು ವ್ಯಾಪಾರ. 1908ರಲ್ಲಿ ರೋಲೆಕ್ಸ್ ಎಂಬ ಹೆಸರನ್ನು ನೋಂದಾಯಿಸಿದ. ಲಂಡನ್ನಿನಲ್ಲಿ ಕುದುರೆ ಎಳೆಯುವ ಬಸ್ಸಿನ ಮೇಲಂತಸ್ತಿನಲ್ಲಿ ಕೂತಿದ್ದಾಗ ಯಾವುದೋ ಯಕ್ಷಿಣಿ ಕಿವಿಯಲ್ಲಿ ಉಸುರಿದಂತೆ ಆ ಹೆಸರು ಹೊಳೆಯಿತೆಂಬುದು ಅವನೇ ಹೇಳಿಕೊಂಡ ಕಥೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಚಿಕ್ಕದು, ಯಾವ ಭಾಷೆಯವರೂ ಸುಲಭವಾಗಿ ಹೇಳಬಹುದಾದದ್ದು, ಡಯಲಿನ ಮೇಲೆ ಹಿಡಿಸುವಂಥದ್ದು ಎಂಬುದಂತೂ ಎದುರಿಗೇ ಇದೆ.

ಆಗ ಗಂಡಸರು ಕೈಗೆ ವಾಚು ಕಟ್ಟುತ್ತಿರಲಿಲ್ಲ. ಸರಪಳಿ ಹಾಕಿ ಕೋಟಿನ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಕೈಗಡಿಯಾರವೆಂದರೆ ಹೆಂಗಸರ ಬಳೆಗೆ ಅಂಟಿಸಿದ ಒಡವೆ ಎಂಬ ಭಾವನೆ. ಅಷ್ಟು ಸಣ್ಣ ಯಂತ್ರ ಸರಿಯಾದ ಸಮಯ ತೋರಿಸುತ್ತದೆಯೇ ಎಂಬ ಅನುಮಾನ ಬೇರೆ. ವಿಲ್ಸ್‌ಡಾರ್ಫ್ ಇದಕ್ಕೆ ವಾದ ಮಾಡಲಿಲ್ಲ, ಪ್ರಮಾಣಪತ್ರ ತಂದ. 1910ರಲ್ಲಿ ಬೀಲ್‌ನ ಪರೀಕ್ಷಾ ಕೇಂದ್ರ ಅವನ ಒಂದು ಕೈಗಡಿಯಾರಕ್ಕೆ ನಿಖರತೆಯ ಪತ್ರ ಕೊಟ್ಟಿತು. 1914ರಲ್ಲಿ ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯ ಇನ್ನೊಂದನ್ನು 45 ದಿನ ಪರೀಕ್ಷಿಸಿ ಎ ದರ್ಜೆ ಕೊಟ್ಟಿತು.  ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರೇ ಕೈಗೆ ವಾಚು ಕಟ್ಟಿಕೊಂಡ ಮೇಲೆ ಹೆಂಗಸರ ಒಡವೆ ಎಂಬ ಮಾತೂ ನಿಂತಿತು. ಬ್ರಿಟನ್ನಿನಲ್ಲಿ ಆಮದು ಸುಂಕ ಶೇ 33ಕ್ಕೆ ಏರಿದಾಗ ಕಂಪನಿ ಜಿನೀವಾಗೆ ಹೊರಟಿತು.

ನೀರು ಒಳಗೆ ಹೋಗುವ ಮೂರು ಬಾಗಿಲು

ಜೇಬಿನಿಂದ ಕೈಗೆ ಬಂದ ವಾಚಿಗೆ ಹೊಸ ಕಾಟ ಶುರುವಾಯಿತು. ಬೆವರು, ಧೂಳು, ಮಳೆ, ಕೈ ತೊಳೆಯುವ ನೀರು. ಯಾವ ವಾಚನ್ನಾದರೂ ತೆಗೆದುಕೊಳ್ಳಿ, ನೀರು ಒಳಗೆ ಹೋಗಲು ಮುಖ್ಯವಾಗಿ ಮೂರು ದಾರಿ. ಗಾಜು ಕೂತಿರುವ ಅಂಚು ಒಂದು. ಹಿಂಬದಿಯ ಮುಚ್ಚಳ ಇನ್ನೊಂದು. ಮೂರನೆಯದು ಕೀ ಕೊಡುವ ಗುಂಡಿ, ವಾಚಿನವರು ಕ್ರೌನ್ ಅನ್ನುತ್ತಾರಲ್ಲ, ಅದರ ಕಡ್ಡಿ ಒಳಹೋಗುವ ತೂತು. ಮೊದಲೆರಡನ್ನು ಒಮ್ಮೆ ಬಿಗಿದರೆ ಮುಗಿಯಿತು. ಮೂರನೆಯದು ಹಾಗಲ್ಲ. ಆ ಕಡ್ಡಿ ತಿರುಗಬೇಕು, ಹಿಂದೆ ಮುಂದೆ ಜರುಗಬೇಕು, ಅದೂ ದಿನಾ. ತಿರುಗುವ ಕಡ್ಡಿಯ ಸುತ್ತ ಸ್ವಲ್ಪವಾದರೂ ಸಂದು ಇರಲೇಬೇಕು. ಆ ಕೂದಲೆಳೆಯ ಸಂದೇ ನೀರಿಗೆ ಸಾಕು.

1920ರ ದಶಕದ ಆರಂಭದಲ್ಲಿ ರೋಲೆಕ್ಸ್ ಒಂದು ಉಪಾಯ ಮಾಡಿತ್ತು. ಇಡೀ ವಾಚನ್ನೇ ಇನ್ನೊಂದು ಡಬ್ಬಿಯೊಳಗೆ ಇಟ್ಟು ಮುಚ್ಚಳವನ್ನು ತಿರುಗಿಸಿ ಬಿಗಿಯುವುದು. ನೀರೇನೋ ಹೋಗುತ್ತಿರಲಿಲ್ಲ. ಆದರೆ ದಿನಾ ಕೀ ಕೊಡಲು ಮುಚ್ಚಳ ಬಿಚ್ಚಬೇಕು, ಮತ್ತೆ ಹಾಕಬೇಕು. ದಿನವೂ ಬಿಚ್ಚಿ ಹಾಕುವ ಮುಚ್ಚಳ ಸವೆಯುವುದು ಎಷ್ಟು ಹೊತ್ತು?

ಇದಕ್ಕೆ ಸರಿಯಾದ ಪರಿಹಾರ ಕಂಡುಹಿಡಿದವರು ಪೆರೆಗೋ ಮತ್ತು ಪೆರೆ ಎಂಬ ಇಬ್ಬರು ಸ್ವಿಸ್ ಕುಶಲಕರ್ಮಿಗಳು. 1925ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದ್ದ ಉಪಾಯ ಕೇಳಲು ಸರಳ: ಕ್ರೌನ್ ಅನ್ನೇ ಬಾಟಲಿ ಮುಚ್ಚಳದಂತೆ ಮಾಡುವುದು. ಬಿಚ್ಚಿದಾಗ ಅದು ಕೀ ಕೊಡುವ ಗುಂಡಿ. ಕೆಲಸ ಮುಗಿದ ಮೇಲೆ ಕೇಸಿನ ಪಕ್ಕದ ಕೊಳವೆಗೆ ತಿರುಗಿಸಿ ಬಿಗಿದರೆ ಅದು ಬಿರಡೆ. ವಿಲ್ಸ್‌ಡಾರ್ಫ್ ಇದರ ಸುದ್ದಿ ತಿಳಿದ ಕೂಡಲೇ ಹಕ್ಕನ್ನು ಕೊಂಡುಕೊಂಡ. ಗಾಜಿನ ಸುತ್ತಲಿನ ಬಳೆ, ಹಿಂಬದಿಯ ಮುಚ್ಚಳ, ಕ್ರೌನ್, ಮೂರನ್ನೂ ತಿರುಗಿಸಿ ಬಿಗಿಯುವ ಕೇಸು 1926ರಲ್ಲಿ ಬಂತು. ಚಿಪ್ಪು ಬಿಗಿಹಿಡಿದು ನೀರಲ್ಲಿ ಬದುಕುವ ಸಿಂಪಿಯನ್ನು ನೆನೆದು ಅದಕ್ಕೆ ಆಯ್‌ಸ್ಟರ್ ಎಂದು ಹೆಸರಿಟ್ಟ.

ನೀರು ತಡೆಯುವ ವಾಚನ್ನು ಆತ ಕಂಡುಹಿಡಿದ ಎನ್ನುವುದು ಹೀಗೆ ತಪ್ಪು. ಅದಕ್ಕೂ ಮೊದಲೇ ಬೇರೆಬೇರೆಯವರು ಇಂಥ ಕೇಸುಗಳನ್ನು ಮಾಡಿದ್ದರು, ಮುಖ್ಯ ಭಾಗದ ಪೇಟೆಂಟೂ ಬೇರೆಯವರದ್ದು. ಆದರೆ ಪೆರೆಗೋ ಮತ್ತು ಪೆರೆ ಹೆಸರು ಇಂದು ಎಷ್ಟು ಜನಕ್ಕೆ ಗೊತ್ತು? ಹತ್ತು ಕಡೆ ಬಿದ್ದಿದ್ದ ತುಂಡುಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆಂದು ಗುರುತಿಸಿ, ದುಡ್ಡು ಕೊಟ್ಟು, ತನ್ನ ಹೆಸರಿನಲ್ಲಿ ಜನರ ಮುಂದಿಡುವುದು ವಿಲ್ಸ್‌ಡಾರ್ಫ್‌ನ ಶಕ್ತಿ. ಅದನ್ನು ನಾವು ಸಣ್ಣದೆಂದು ಹೇಳುತ್ತಿಲ್ಲ.

ಹತ್ತು ಗಂಟೆ ತಣ್ಣೀರಿನಲ್ಲಿ

ಈಗ ಈಜುಗಾರ್ತಿಯ ವಿಷಯ. ಅವಳಿಗೆ ಹೆಸರಿದೆ, ಫಾರ್ವರ್ಡು ಹೇಳದಿದ್ದರೂ. ಮರ್ಸಿಡಿಸ್ ಗ್ಲೈಟ್ಸ್, ಬ್ರೈಟನ್ನಿನಲ್ಲಿ ನೆಲೆಸಿದ್ದ ಜರ್ಮನ್ ದಂಪತಿಯ ಮಗಳು, ಲಂಡನ್ನಿನಲ್ಲಿ ಟೈಪಿಸ್ಟ್. ಕೆಲಸದ ನಡುವೆ ಬಿಡುವು ಮಾಡಿಕೊಂಡು ಇಂಗ್ಲಿಷ್ ಕಾಲುವೆ ದಾಟಲು ಮತ್ತೆ ಮತ್ತೆ ಪ್ರಯತ್ನಿಸುತ್ತಿದ್ದಳು. 1927ರ ಅಕ್ಟೋಬರ್ 7ರಂದು, ಎಂಟನೇ ಪ್ರಯತ್ನದಲ್ಲಿ, 15 ಗಂಟೆ 15 ನಿಮಿಷ ಈಜಿ ದಾಟಿದಳು. ಹಾಗೆ ದಾಟಿದ ಮೊದಲ ಬ್ರಿಟಿಷ್ ಮಹಿಳೆ ಅವಳು. ಆ ದಿನ ಅವಳ ಮೈಮೇಲೆ ರೋಲೆಕ್ಸ್ ವಾಚು ಇರಲಿಲ್ಲ.

ಮುಂದಿನ ನಾಲ್ಕೇ ದಿನದಲ್ಲಿ ಇನ್ನೊಬ್ಬ ಮಹಿಳೆ, ವೃತ್ತಿಯಲ್ಲಿ ವೈದ್ಯೆ, ತಾನು ಅದಕ್ಕಿಂತ ಎರಡು ಗಂಟೆ ಕಡಿಮೆಯಲ್ಲಿ ದಾಟಿದ್ದೇನೆಂದು ಹೇಳಿದಳು. ಪತ್ರಿಕೆಗಳು ಕೊಂಡಾಡಿದವು. ಕೆಲವು ದಿನದ ಮೇಲೆ ಅವಳೇ ಬಾಯಿಬಿಟ್ಟಳು: ಬಹುದೂರ ದೋಣಿಯಲ್ಲೇ ಕೂತು ಬಂದಿದ್ದೆ, ಇಂಥ ಸುದ್ದಿಯನ್ನು ಎಷ್ಟು ಸುಲಭವಾಗಿ ನಂಬಿಸಬಹುದೆಂದು ತೋರಿಸಲು ಹಾಗೆ ಮಾಡಿದೆ ಎಂದು. ಅವಳ ಉದ್ದೇಶ ಏನೇ ಇರಲಿ, ಏಟು ಬಿದ್ದದ್ದು ಗ್ಲೈಟ್ಸ್ ಮೇಲೆ. ನಿನ್ನದೂ ಸುಳ್ಳಲ್ಲವೆಂದು ಹೇಗೆ ನಂಬುವುದು ಎಂದು ಜನ ಕೇಳತೊಡಗಿದರು. ಎಂಟು ಸಲ ಸಮುದ್ರಕ್ಕೆ ಇಳಿದು ಗಳಿಸಿದ್ದನ್ನು ಯಾರದೋ ತಮಾಷೆ ಕಿತ್ತುಕೊಂಡಿತು. ಒಂದು ಸುಳ್ಳು ಸುದ್ದಿ ಸತ್ಯ ಹೇಳಿದವರ ಮೇಲೂ ಅನುಮಾನ ಹುಟ್ಟಿಸುವುದು ಈ ಕಾಲದ ಫೋನುಗಳಿಂದ ಶುರುವಾದದ್ದಲ್ಲ.

ಅವಳು ಮತ್ತೆ ಈಜಿ ತೋರಿಸುತ್ತೇನೆಂದಳು. ವಿಲ್ಸ್‌ಡಾರ್ಫ್ ಕಣ್ಣಿಗೆ ಅವಕಾಶ ಬಿದ್ದದ್ದು ಇಲ್ಲಿ. ಆಯ್‌ಸ್ಟರ್ ವಾಚೊಂದನ್ನು ಅವಳಿಗೆ ಕೊಟ್ಟು, ಈಜುವಾಗ ಜೊತೆಗಿರಲೆಂದು ಕೇಳಿಕೊಂಡ. ಅಕ್ಟೋಬರ್ 21ರಂದು ಅವಳು ಅದನ್ನು ಕುತ್ತಿಗೆಗೆ ತೂಗುಹಾಕಿಕೊಂಡು ನೀರಿಗಿಳಿದಳು. ಎರಡು ವಾರದಲ್ಲಿ ನೀರು ಇನ್ನಷ್ಟು ತಣ್ಣಗಾಗಿತ್ತು. ಹತ್ತು ಗಂಟೆಗೂ ಹೆಚ್ಚು ಹೊತ್ತು ಈಜಿದಳು. ಪ್ರಜ್ಞೆ ತಪ್ಪುವ ಸ್ಥಿತಿಗೆ ಬಂದಾಗ ದೋಣಿಯವರು ಮೇಲಕ್ಕೆಳೆದುಕೊಂಡರು. ದಡ ಇನ್ನೂ ಕೆಲವು ಮೈಲಿ ದೂರವಿತ್ತು. ಅಂಥ ನೀರಿನಲ್ಲಿ ಅಷ್ಟು ಹೊತ್ತು ಇದ್ದದ್ದನ್ನು ಕಣ್ಣಾರೆ ನೋಡಿದ ಮೇಲೆ ಮೊದಲ ಈಜಿನ ಬಗ್ಗೆ ಯಾರೂ ಅನುಮಾನ ಎತ್ತಲಿಲ್ಲ. ಕುತ್ತಿಗೆಯ ವಾಚು ಸರಿಯಾಗಿ ಓಡುತ್ತಿತ್ತು.

ಅಂದರೆ ವಾಚು ಇಲ್ಲದ ದಿನ ಅವಳು ದಾಟಿದಳು, ವಾಚು ಇದ್ದ ದಿನ ದಾಟಲಿಲ್ಲ. ನವೆಂಬರ್ 24ರಂದು ಲಂಡನ್ನಿನ ಡೈಲಿ ಮೇಲ್ ಪತ್ರಿಕೆಯ ಇಡೀ ಮುಖಪುಟವನ್ನು ಕೊಂಡು ವಿಲ್ಸ್‌ಡಾರ್ಫ್ ಜಾಹೀರಾತು ಹಾಕಿಸಿದ. ಕಾಲ ಕಳೆದಂತೆ ಎರಡು ಈಜುಗಳು ಜನರ ನೆನಪಿನಲ್ಲಿ ಒಂದಾದವು. ಅಂಗಡಿಗಳ ಕಿಟಕಿಯಲ್ಲಿ ಮೀನಿನ ತೊಟ್ಟಿ ಇಟ್ಟು, ಅದರೊಳಗೆ ಓಡುತ್ತಿರುವ ವಾಚು ಮುಳುಗಿಸಿ ತೋರಿಸುವುದೂ ಅವನದೇ ಯೋಚನೆ. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು.

ವಿಜ್ಞಾನದ ದೃಷ್ಟಿಯಿಂದ ನೋಡಿದರೆ ಆ ಈಜು ಆಳದ ಪರೀಕ್ಷೆಯೇ ಅಲ್ಲ. ಈಜುವವರ ಕುತ್ತಿಗೆ ನೀರಿನ ಮೇಲ್ಮೈ ಹತ್ತಿರವೇ ಇರುತ್ತದೆ. ಅಲ್ಲಿ ಪರೀಕ್ಷೆಯಾದದ್ದು ಉಪ್ಪುನೀರು, ಚಳಿ ಮತ್ತು ಹತ್ತು ಗಂಟೆಯ ಕಾಲ. ಆಳದ್ದು ಬೇರೆಯೇ ಲೆಕ್ಕ.

ಗಾಜಿನ ಮೇಲೆ ಎಷ್ಟು ಭಾರ?

ನೀರಿನಲ್ಲಿ ಹತ್ತು ಮೀಟರ್ ಇಳಿದಂತೆಲ್ಲ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು ಒಂದು ಕಿಲೋ ಭಾರ ಕೂಡುತ್ತದೆ. ಮೂರು ಸೆಂಟಿಮೀಟರ್ ಅಗಲದ ವಾಚಿನ ಗಾಜೆಂದರೆ ಸುಮಾರು ಏಳು ಚದರ ಸೆಂಟಿಮೀಟರ್. 30 ಮೀಟರ್ ಆಳದಲ್ಲಿ ಅದರ ಮೇಲೆ 21 ಕಿಲೋ, ಹೆಚ್ಚುಕಡಿಮೆ ಒಂದು ಅಕ್ಕಿ ಚೀಲ. 100 ಮೀಟರಿನಲ್ಲಿ 70 ಕಿಲೋ, ಒಬ್ಬ ದೊಡ್ಡ ಮನುಷ್ಯ ಗಾಜಿನ ಮೇಲೆ ನಿಂತಂತೆ. ಸಮುದ್ರದ ಅತ್ಯಂತ ಆಳದ ಜಾಗದಲ್ಲಿ ಏಳು ಟನ್ನಿಗೂ ಹೆಚ್ಚು.

ಇಷ್ಟು ಭಾರವನ್ನು ತಡೆಯುವುದು ಬರೀ ಬಿಗಿತವಲ್ಲ. ಒಳಮುಚ್ಚಳದ ಪ್ರೆಶರ್ ಕುಕ್ಕರನ್ನು ನೆನಪಿಸಿಕೊಳ್ಳಿ. ಒಳಗೆ ಆವಿ ಹೆಚ್ಚಿದಷ್ಟೂ ಮುಚ್ಚಳ ಮೇಲಕ್ಕೆ ಒತ್ತಿಕೊಂಡು ಗ್ಯಾಸ್ಕೆಟ್ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಆವಿ ಇಲ್ಲದಾಗ ಅಲ್ಲಾಡುತ್ತಿದ್ದ ಮುಚ್ಚಳ ಆವಿ ತುಂಬಿದ ಮೇಲೆ ಕೈಯಿಂದ ತೆಗೆಯಲು ಬರುವುದಿಲ್ಲ. ಒಳ್ಳೆಯ ಡೈವಿಂಗ್ ವಾಚಿನಲ್ಲಿ ಇದೇ ನಿಯಮ ತಿರುಗುಮುರುಗಾಗಿ ನಡೆಯುತ್ತದೆ. ಹೊರಗಿನ ನೀರು ಗಾಜನ್ನೂ ಹಿಂಬದಿಯ ಮುಚ್ಚಳವನ್ನೂ ಒಳಕ್ಕೆ ಒತ್ತುತ್ತದೆ, ಅವು ರಬ್ಬರ್ ರಿಂಗಿನ ಮೇಲೆ ಇನ್ನಷ್ಟು ಬಿಗಿಯಾಗಿ ಕೂರುತ್ತವೆ. ಒತ್ತಡವನ್ನೇ ಕೆಲಸಕ್ಕೆ ಹಚ್ಚಿದಂತೆ. ಆದರೆ ಗಾಜು ಬಾಗಬಾರದು, ಮುಚ್ಚಳ ತಗ್ಗಬಾರದು. ಬಾಗಿದರೆ ಮುಳ್ಳುಗಳಿಗೆ ತಾಗಿ ವಾಚು ನಿಲ್ಲುತ್ತದೆ, ಇನ್ನೂ ಹೆಚ್ಚಾದರೆ ಒಡೆಯುತ್ತದೆ. ಆಳಕ್ಕೆ ಹೋಗುವ ವಾಚುಗಳು ದಪ್ಪಗಿರುವುದು ಇದಕ್ಕೇ. ತೋರಿಕೆಗೆ ದಪ್ಪ ಮಾಡಿದವೂ ಪೇಟೆಯಲ್ಲಿ ಬೇಕಾದಷ್ಟಿವೆ, ಅದು ಬೇರೆ ಮಾತು.

ಕ್ರೌನ್ ಸಮಸ್ಯೆ ಮಾತ್ರ ಉಳಿದೇ ಇತ್ತು. ಬಿಗಿದರೆ ನೀರು ಹೋಗುವುದಿಲ್ಲ, ನಿಜ. ಆದರೆ ದಿನಾ ಕೀ ಕೊಡಲು ಬಿಚ್ಚಲೇಬೇಕು, ಬಿಚ್ಚಿದವರು ಮತ್ತೆ ಬಿಗಿಯಲು ಮರೆಯುತ್ತಾರೆ. 1931ರಲ್ಲಿ ರೋಲೆಕ್ಸ್ ಹೊರತಂದ ಪರ್ಪೆಚುವಲ್ ಯಂತ್ರ ಇದಕ್ಕೆ ಉತ್ತರವಾಯಿತು. ಒಳಗೆ ಅರ್ಧಚಂದ್ರದ ಆಕಾರದ ಒಂದು ಭಾರ, ಕೈ ಆಡಿದಂತೆ ಅದು ಸುತ್ತುತ್ತದೆ, ವಾಚಿಗೆ ತಾನೇ ಕೀ ಕೊಡುತ್ತದೆ. ಕ್ರೌನ್ ಮುಟ್ಟುವ ಕೆಲಸವೇ ಕಡಿಮೆ. ಆಟೋಮ್ಯಾಟಿಕ್ ಎಂದರೆ ಸೋಮಾರಿಗಳಿಗೆ ಮಾಡಿದ ಅನುಕೂಲ ಎಂದುಕೊಂಡಿರುತ್ತೇವೆ. ನೀರಿನ ಕಣ್ಣಿನಿಂದ ನೋಡಿದರೆ ಅದು ಬಾಗಿಲು ತೆರೆಯದೆ ಇರುವ ಉಪಾಯ. ತಾನೇ ಕೀ ಕೊಟ್ಟುಕೊಳ್ಳುವ ಕೈಗಡಿಯಾರಕ್ಕೆ ಅದಕ್ಕೂ ಮೊದಲೇ ಪೇಟೆಂಟ್ ಪಡೆದು ಮಾರಾಟಕ್ಕೆ ತಂದಿದ್ದವರು ಜಾನ್ ಹಾರ್ವುಡ್ ಎಂಬ ಇಂಗ್ಲಿಷ್ ವಾಚು ತಯಾರಕರು. ಪೂರ್ತಿ ಸುತ್ತು ತಿರುಗುವ ಭಾರ ರೋಲೆಕ್ಸಿನ ಸುಧಾರಣೆ. ಇಲ್ಲೂ ಅದೇ ಕಥೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೆರೆಶಿಬಿರಗಳಲ್ಲಿದ್ದ ಬ್ರಿಟಿಷ್ ಅಧಿಕಾರಿಗಳಿಗೆ ವಿಲ್ಸ್‌ಡಾರ್ಫ್ ವಾಚುಗಳನ್ನು ಕಡದ ಮೇಲೆ ಕಳಿಸಿಕೊಟ್ಟ, ಯುದ್ಧ ಮುಗಿದ ಮೇಲೆ ಹಣ ಕೊಡಿ ಎಂದು. 1944ರಲ್ಲಿ ಹೆಂಡತಿ ಫ್ಲಾರೆನ್ಸ್ ತೀರಿಕೊಂಡಳು. ಮಕ್ಕಳಿರಲಿಲ್ಲ. ಮರುವರ್ಷ ತನ್ನ ಹೆಸರಿನಲ್ಲೇ ಒಂದು ಪ್ರತಿಷ್ಠಾನ ಸ್ಥಾಪಿಸಿ, ಕಂಪನಿಯ ಒಡೆತನ ಅದಕ್ಕೆ ಸೇರುವಂತೆ ಏರ್ಪಾಡು ಮಾಡಿದ.

ಯುದ್ಧದ ನಂತರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಬೆಳೆಯಿತು. ಅಲ್ಲಿ ವಾಚು ಜೀವ ಉಳಿಸುವ ಸಾಧನ. ಕೆಳಗೆ ಎಷ್ಟು ನಿಮಿಷ ಇದ್ದೇವೆ ಎಂಬ ಲೆಕ್ಕ ತಪ್ಪಿದರೆ ಸಿಲಿಂಡರಿನ ಗಾಳಿ ಮುಗಿಯಬಹುದು. ರಕ್ತದಲ್ಲಿ ಕರಗಿದ ನೈಟ್ರೋಜನ್ ಮೇಲೇರುವಾಗ ಗುಳ್ಳೆಗಟ್ಟಿ ಜೀವಕ್ಕೇ ಅಪಾಯವಾಗಬಹುದು. ಡೈವಿಂಗ್ ವಾಚಿನ ಗಾಜಿನ ಸುತ್ತ ತಿರುಗುವ ಬಳೆ ಇರುವುದು ಆ ನಿಮಿಷಗಳನ್ನು ಗುರುತಿಸಲು. ಈಗಿನವು ಒಂದೇ ದಿಕ್ಕಿಗೆ ತಿರುಗುತ್ತವೆ. ಬಂಡೆಗೆ ತಾಗಿ ಅಕಸ್ಮಾತ್ ಜರುಗಿದರೂ ಕಳೆದ ಸಮಯ ಹೆಚ್ಚೆಂದು ತೋರಿಸುತ್ತದೆಯೇ ಹೊರತು ಕಡಿಮೆಯೆಂದಲ್ಲ, ಮುಳುಗಿದವರು ಬೇಗ ಮೇಲೆ ಬರುತ್ತಾರೆ ಅಷ್ಟೆ. 1953ರಲ್ಲಿ ಫ್ರಾನ್ಸಿನ ನೌಕಾಪಡೆಯ ಮುಳುಗುಗಾರರಿಗಾಗಿ ಬ್ಲಾಂಕ್‌ಪೇನ್ ಕಂಪನಿ ಫಿಫ್ಟಿ ಫ್ಯಾದಮ್ಸ್ ಮಾಡಿತು. ಅದೇ ವರ್ಷ ರೋಲೆಕ್ಸ್ 100 ಮೀಟರ್ ತಡೆಯುವ ಸಬ್‌ಮರೀನರ್ ಮಾಡಿತು.

ತಳ ಮುಟ್ಟಿದ್ದು ಯಾವ ವಾಚು?

ಆಗಲೇ ಇನ್ನೊಂದು ಪ್ರಯೋಗವೂ ನಡೆಯುತ್ತಿತ್ತು. ಸ್ವಿಸ್ ವಿಜ್ಞಾನಿ ಆಗಸ್ಟ್ ಪಿಕಾರ್ ಕಟ್ಟಿದ ಟ್ರಿಯೆಸ್ಟ್ ಎಂಬ ಆಳಸಮುದ್ರ ನೌಕೆ 1953ರ ಸೆಪ್ಟೆಂಬರಿನಲ್ಲಿ ಇಟಲಿಯ ಬಳಿ 3,150 ಮೀಟರ್ ಇಳಿಯಿತು. ಅದರ ಹೊರಗೋಡೆಗೆ ರೋಲೆಕ್ಸಿನ ಒಂದು ಪ್ರಾಯೋಗಿಕ ವಾಚು ಕಟ್ಟಿತ್ತು. 1960ರ ಜನವರಿ 23ರಂದು ಪಿಕಾರ್ ಅವರ ಮಗ ಜಾಕ್ ಮತ್ತು ಅಮೆರಿಕದ ನೌಕಾಪಡೆಯ ಡಾನ್ ವಾಲ್ಶ್ ಅದೇ ನೌಕೆಯಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ಕಂದರಕ್ಕೆ ಇಳಿದರು. ಇಳಿಯಲು ಸುಮಾರು ಐದು ಗಂಟೆ. ಒಂಬತ್ತು ಸಾವಿರ ಮೀಟರ್ ದಾಟಿದ ಮೇಲೆ ಹೊರಗಿನ ಒಂದು ಕಿಟಕಿ ಫಳಾರನೆ ಬಿರುಕುಬಿಟ್ಟಿತು. ಒಳಗಿನ ಉಕ್ಕಿನ ಗೋಳಕ್ಕೆ ಏನೂ ಆಗದ್ದರಿಂದ ಇಬ್ಬರೂ ಮುಂದುವರಿದರು. 10,916 ಮೀಟರ್ ಆಳದ ತಳದಲ್ಲಿ ಇಪ್ಪತ್ತು ನಿಮಿಷ ಇದ್ದು ಮೇಲೆ ಬಂದರು. ಹೊರಗೆ ಕಟ್ಟಿದ್ದ ವಾಚು ಓಡುತ್ತಿತ್ತು.

ಇದು ನಿಜ. ಆದರೆ ಅದು ಗ್ಲೈಟ್ಸ್ ಕುತ್ತಿಗೆಯಲ್ಲಿದ್ದ ಮಾದರಿಯೂ ಅಲ್ಲ, ಅಂಗಡಿಯಲ್ಲಿ ಸಿಗುತ್ತಿದ್ದ ಸಬ್‌ಮರೀನರೂ ಅಲ್ಲ. ಡೀಪ್ ಸೀ ಸ್ಪೆಷಲ್ ಎಂಬ, ಈ ಕೆಲಸಕ್ಕೆಂದೇ ಮಾಡಿದ ವಾಚು. ಅದರ ಗಾಜು ಅರ್ಧ ಗೋಲಿಯಂತೆ ಉಬ್ಬಿತ್ತು. ಕಮಾನು ಭಾರ ಹೊರುವ ಹಾಗೆ, ಉಬ್ಬಿದ ಗಾಜು ಒತ್ತಡವನ್ನು ಸುತ್ತಲಿನ ಅಂಚಿಗೆ ಹಂಚುತ್ತದೆ. ಅದನ್ನು ಕೈಗೆ ಕಟ್ಟಿ ಅಂಗಿ ತೊಡಲು ಆಗುತ್ತಿರಲಿಲ್ಲ. ಕೈಗೆ ಕಟ್ಟಬಹುದಾದ, ಅಂಗಡಿಯಲ್ಲಿ ಮಾರುವ 11,000 ಮೀಟರಿನ ವಾಚನ್ನು ರೋಲೆಕ್ಸ್ ತಂದದ್ದು 2022ರಲ್ಲಿ. ಟೈಟಾನಿಯಂ ಕೇಸು, ಸುಮಾರು ಒಂದು ಸೆಂಟಿಮೀಟರ್ ದಪ್ಪದ ಗಾಜು. ತಳ ಮುಟ್ಟಿದ ವಾಚಿನಿಂದ ಅಲ್ಲಿಗೆ 62 ವರ್ಷ ಬೇಕಾಯಿತು.

ವಿಲ್ಸ್‌ಡಾರ್ಫ್ ಆ ಸುದ್ದಿ ಕೇಳಿದಾಗ 78 ವರ್ಷ. ಅದೇ ವರ್ಷ ಜುಲೈ 6ರಂದು ಜಿನೀವಾದಲ್ಲಿ ತೀರಿಕೊಂಡ. ಆಸ್ತಿ ಪ್ರತಿಷ್ಠಾನಕ್ಕೆ ಹೋಯಿತು. ರೋಲೆಕ್ಸ್ ಒಂದು ಧರ್ಮಸಂಸ್ಥೆ, ಲಾಭವೆಲ್ಲ ಬಡವರಿಗೆ ಎಂಬ ಇನ್ನೊಂದು ಫಾರ್ವರ್ಡ್ ಹುಟ್ಟಿದ್ದು ಇದರಿಂದಲೇ. ಕಂಪನಿಯ ಮಾಲೀಕತ್ವ ಪ್ರತಿಷ್ಠಾನದ್ದು, ಅದು ಜಿನೀವಾದಲ್ಲಿ ದಾನಧರ್ಮ ಮಾಡುವುದೂ ಹೌದು. ಆದರೆ ರೋಲೆಕ್ಸ್ ಲಾಭಕ್ಕಾಗಿಯೇ ನಡೆಯುವ ವಾಚು ಕಂಪನಿ.

ದುಬಾರಿ ಡೈವಿಂಗ್ ವಾಚುಗಳ ಪಕ್ಕದಲ್ಲಿ ಕಾಣುವ ಹೀಲಿಯಂ ವಾಲ್ವ್ ಬಂದದ್ದು ಅವನು ಹೋದ ಮೇಲೆ, 1960ರ ದಶಕದ ಕೊನೆಗೆ. ಅದಿದ್ದರೆ ಇನ್ನೂ ಆಳಕ್ಕೆ ಹೋಗಬಹುದು ಎಂಬುದು ತಪ್ಪು. ಸಮುದ್ರದಡಿಯ ಕೆಲಸಗಾರರು ದಿನಗಟ್ಟಲೆ ಹೀಲಿಯಂ ಬೆರೆಸಿದ ಗಾಳಿಯ, ಒತ್ತಡ ತುಂಬಿದ ಕೋಣೆಯಲ್ಲಿ ಇರುತ್ತಾರೆ. ಹೀಲಿಯಂ ಕಣ ಎಷ್ಟು ಸಣ್ಣದೆಂದರೆ ನೀರನ್ನು ತಡೆಯುವ ಗ್ಯಾಸ್ಕೆಟ್ಟಿನ ಮೂಲಕವೂ ನಿಧಾನಕ್ಕೆ ನುಸುಳುತ್ತದೆ. ಕೋಣೆಯ ಒತ್ತಡ ಇಳಿಸುವಾಗ ಅದು ಬೇಗ ಹೊರಬರಲಾಗದೆ ಗಾಜನ್ನೇ ಹಾರಿಸಿಬಿಡುತ್ತಿತ್ತು. ಅದಕ್ಕೊಂದು ಕಿಂಡಿ ಈ ವಾಲ್ವ್. ನಮಗೆ ನಿಮಗೆ ಅದರಿಂದ ಏನೂ ಆಗಬೇಕಾದ್ದಿಲ್ಲ.

ನಿಮ್ಮ ವಾಚಿನ 30 ಮೀಟರ್

ಹಿಂಬದಿಯಲ್ಲಿ ವಾಟರ್ ರೆಸಿಸ್ಟೆಂಟ್ 30 ಮೀಟರ್ ಅಥವಾ 3 ಎಟಿಎಂ ಎಂದಿದ್ದರೆ, ಅಷ್ಟು ಒತ್ತಡಕ್ಕೆ ಆ ಬಗೆಯ ಹೊಸ ವಾಚನ್ನು ಸ್ವಲ್ಪ ಹೊತ್ತು ಒಡ್ಡಿದಾಗ ತಡೆಯಿತು ಎಂದರ್ಥ. ಸಾಮಾನ್ಯ ವಾಚುಗಳಲ್ಲಿ ಪ್ರತಿಯೊಂದನ್ನೂ ಆಳದ ಒತ್ತಡಕ್ಕೆ ಒಡ್ಡಿ ನೋಡಬೇಕೆಂದಿಲ್ಲ, ಮಾದರಿಗಳನ್ನು ನೋಡಿದರೆ ಸಾಕು. ಡೈವಿಂಗ್ ವಾಚುಗಳಿಗಿರುವ ಐಎಸ್ಒ 6425 ಮಾನದಂಡ ಬೇರೆ. ಕನಿಷ್ಠ 100 ಮೀಟರ್ ಇರಬೇಕು, ಪ್ರತಿ ವಾಚನ್ನೂ ಬರೆದಿರುವ ಆಳಕ್ಕಿಂತ ಶೇ 25 ಹೆಚ್ಚಿನ ಒತ್ತಡಕ್ಕೆ ಒಡ್ಡಬೇಕು. ಆಮೇಲೆ ವಾಚನ್ನು ಬಿಸಿಮಾಡಿ ಗಾಜಿನ ಮೇಲೆ ತಣ್ಣೀರಿನ ಹನಿ ಇಡುತ್ತಾರೆ. ಒಂದು ನಿಮಿಷದ ಮೇಲೆ ಒರೆಸಿ ನೋಡಿದಾಗ ಒಳಗೆ ಮಂಜು ಕಟ್ಟಿದ್ದರೆ ಒಳಗೆ ತೇವ ಹೋಗಿದೆ ಎಂದು ಅರ್ಥ, ಆ ವಾಚು ಫೇಲ್. ಇಂಥ ವಾಚಿನ ಮೇಲೆ ಡೈವರ್ಸ್ ಎಂಬ ಪದ ಇರುತ್ತದೆ.

ಈಜುವಾಗ ಕೈ ಬೀಸಿದರೆ ಒತ್ತಡ ಹಲವು ಪಟ್ಟು ಏರುತ್ತದೆ, ಆದ್ದರಿಂದ 30 ಮೀಟರ್ ವಾಚು ಕೆಡುತ್ತದೆ ಎಂಬ ವಿವರಣೆಯನ್ನೂ ನೀವು ಓದಿರಬಹುದು. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈ ಬೀಸಿದರೂ ಕೂಡುವ ಒತ್ತಡ ಸುಮಾರು ಒಂದೂಕಾಲು ಮೀಟರ್ ಆಳಕ್ಕೆ ಸಮ. ಕೆಡಿಸುವುದು ಅದಲ್ಲ. ವರ್ಷಗಳು ಕಳೆದಂತೆ ಗ್ಯಾಸ್ಕೆಟ್ ಗಡುಸಾಗುತ್ತದೆ, ಕುಕ್ಕರಿನದು ಆಗುವ ಹಾಗೆಯೇ. ಬಿಸಿನೀರಿನ ಸ್ನಾನದಲ್ಲಿ ಲೋಹ, ಗಾಜು, ರಬ್ಬರ್ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ಸೋಪಿನ ನೀರು ಸಾದಾ ನೀರಿಗಿಂತ ಸುಲಭವಾಗಿ ಸಂದಿಗೆ ನುಗ್ಗುತ್ತದೆ. ಬ್ಯಾಟರಿ ಬದಲಿಸಲು ಮುಚ್ಚಳ ತೆಗೆದವರು ಹಳೆಯ ರಿಂಗನ್ನೇ ವಾರೆಯಾಗಿ ಕೂರಿಸಿ ಒತ್ತಿ ಮುಚ್ಚಿರುತ್ತಾರೆ. ನಮ್ಮ ಬಳಗದಲ್ಲೇ ಒಬ್ಬರ ವಾಚು ಹೀಗೆ ಬ್ಯಾಟರಿ ಹಾಕಿಸಿದ ವಾರದೊಳಗೆ ಒಂದು ಮಳೆಗೆ ನಿಂತಿತು. ಅದಕ್ಕೂ ಮೊದಲು ನಾಲ್ಕು ಮಳೆಗಾಲ ಅದಕ್ಕೇನೂ ಆಗಿರಲಿಲ್ಲ.

ಹಾಗಾಗಿ 30 ಮೀಟರಿನ ವಾಚು ಕೈ ತೊಳೆಯುವಾಗಿನ ಹನಿ, ತುಂತುರು ಮಳೆಗೆ ಸಾಕು. ಈಜಲು 100 ಮೀಟರಿನದು ಇರಲಿ. ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಮಾಡಲು ಹೋಗುವವರು ಡೈವರ್ಸ್ ಎಂದು ಬರೆದಿರದ ವಾಚನ್ನು ದಡದಲ್ಲೇ ಬಿಡುವುದು ಲೇಸು. ತಿರುಗಿಸಿ ಬಿಗಿಯುವ ಕ್ರೌನ್ ಇದ್ದರೆ ನೀರಿಗಿಳಿಯುವ ಮುನ್ನ ಬೆರಳಿನಿಂದ ಮುಟ್ಟಿ ನೋಡಿ, ನೀರಿನೊಳಗೆ ಬಿಚ್ಚಬೇಡಿ. ಸಮುದ್ರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯಿರಿ. ಬ್ಯಾಟರಿ ಬದಲಿಸುವಾಗ ಹೊಸ ಗ್ಯಾಸ್ಕೆಟ್ ಹಾಕಲು, ಯಂತ್ರವಿದ್ದರೆ ಒತ್ತಡ ಪರೀಕ್ಷಿಸಲು ಕೇಳಿ.

ಗಾಜಿನ ಒಳಗೆ ಮಂಜು ಕಂಡರೆ ವಾಚನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಡಿ. ಮುಚ್ಚಿದ ಕೇಸಿನೊಳಗಿನ ತೇವವನ್ನು ಅಕ್ಕಿ ಹೊರಗೆಳೆಯಲಾರದು. ಕಾಯುವಷ್ಟು ಹೊತ್ತು ಒಳಗೆ ತುಕ್ಕು ಹಿಡಿಯುತ್ತಿರುತ್ತದೆ, ಉಪ್ಪುನೀರಾಗಿದ್ದರೆ ಇನ್ನೂ ಬೇಗ. ಅದೇ ದಿನ ವಾಚು ರಿಪೇರಿ ಮಾಡುವವರ ಹತ್ತಿರ ಹೋಗಿ ಮುಚ್ಚಳ ತೆಗೆಸಿ, ಒಣಗಿಸಿ.